ಪರಿಚಯದವನು

ಹೋದ ತಿಂಗಳು ಸಾಗರದಲ್ಲಿ ನಮ್ಮ ನಾದಿನಿ ಮಗಳ ನಿಶ್ಚಿತಾರ್ಥ ಇತ್ತು. ಊಟ ಆದ ಮೇಲೆ ಛತ್ರದ ಹಿಂದುಗಡೆ ಕೈ ತೊಳೆಯೋಕೆ ಹೋದವಳಿಗೆ ಟೀ ಡಿಕಾಕ್ಷನ್ನಿನ ವಾಸನೆ ಮೂಗಿಗೆ ಬಡಿಯಿತು. ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಟೀಪುಡಿ ಹಾಕಿ ಒಲೆ ಮೇಲಿಟ್ಟು ಮರೆತೇಬಿಟ್ಟಿದ್ದರು. ಅದು ಕುದ್ದು ಕುದ್ದು ಕಪ್ಪಗಾಗಿ ಕಹಿ ಹೊಗೆ ಬರುತ್ತಿತ್ತು. ನಾನು ಕೈ ತೊಳೆಯೋದು ಬಿಟ್ಟು ಅಲ್ಲೇ ಕಟ್ಟೆ ಮೇಲೆ ಕೂತೆ. ನಾದಿನಿ ಓಡಿ ಬಂದು "ಎಂತಾಯ್ತು ಅತ್ತಿಗೆ, ಬಿಪಿ ಮಾತ್ರೆ ತಗಂಡಿಲ್ವಾ?" ಅಂದಳು. ಬಿಪಿ ಅಲ್ಲ ಮಾರಾಯ್ತಿ, ಸಿನಿಮಾ ಅಂದಿದ್ರೆ ಅವಳಿಗೆ ಏನು ತಿಳೀತಿತ್ತು? ಬಿಸಿಲಿಗೆ ಅಂದೆ, ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ನನ್ನದು ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಟೈಲರಿಂಗ್ ಅಂಗಡಿ. ಅಮ್ಮ ಹೊಲಿಯುತ್ತಿದ್ದ ಮೆಷಿನ್ನು, ಅದರ ಪಕ್ಕ ನಾನು ಕೊಂಡ ಇನ್ನೊಂದು. ಕೆಲವು ವರ್ಷದ ಹಿಂದೆ, ಒಂದು ಬೇಸಿಗೆ ಪೂರ್ತಿ ನಾನು ಸಿನಿಮಾದವರಿಗೆ ಬಟ್ಟೆ ಹೊಲಿದೆ. ಹೊಲಿದದ್ದನ್ನು ಹಳೇದರ ಹಾಗೆ ಕಾಣಿಸೋಕೆ ಟೀ ನೀರಲ್ಲಿ ಅದ್ದಿ ಒಣಗಿಸಬೇಕು. ಅದೊಂದು ಕೆಲಸ ನನಗೆ ಗೊತ್ತಿರಲಿಲ್ಲ. ಹೊಸ ಬಟ್ಟೆಗೆ ದುಡ್ಡು ಕೊಟ್ಟು ಅದನ್ನ ಹಾಳು ಮಾಡೋಕೂ ದುಡ್ಡು ಕೊಡುವವರನ್ನು ನಾನು ಅದೇ ಮೊದಲು ನೋಡಿದ್ದು.

ಯಾವ ಸಿನಿಮಾ ಅಂತ ಹೇಳೋ ಮೊದಲು ಮಧ್ಯಾಹ್ನದವನ ವಿಷಯ ಹೇಳಬೇಕು. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಮಧ್ಯದ ಊರುಗಳಲ್ಲಿ ಒಬ್ಬ ಓಡಾಡಿದ. ಗಂಡಸರು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು, ಹೆಂಗಸು ಒಬ್ಬಳೇ ಇರೋ ಮನೆಗೆ ಬರುತ್ತಿದ್ದ. ಒಂದು ಕೊಲೆಯಾಯ್ತು, ಎರಡಾಯ್ತು, ಆಮೇಲೆ ನಮ್ಮ ಕಡೆ ಮಧ್ಯಾಹ್ನ ಅಂದರೆ ಬಾಗಿಲಿಗೆ ಚಿಲಕ ಹಾಕಿ ಕೂರೋ ಹೊತ್ತು ಅಂತಾಯ್ತು. ಅವನ ಮುಖ ನೋಡಿದವರು ಯಾರೂ ಬದುಕಿಲ್ಲ. ಪೊಲೀಸರು ಊರೂರು ಸುತ್ತಿದರು, ಪಾತ್ರೆ ಮಾರುವವನು, ಜೇನು ಕೀಳುವವನು ಅಂತ ಸಿಕ್ಕಿದ ಬಡಪಾಯಿಗಳನ್ನೆಲ್ಲ ಹಿಡಿದು ಹೊಡೆದು ಬಿಟ್ಟರು. ಅವನು ಮಾತ್ರ ಸಿಗಲಿಲ್ಲ. ಆಮೇಲೆ ತಾನಾಗೇ ನಿಂತುಹೋಯ್ತು. ಸತ್ತನೋ, ದೇಶಾಂತರ ಹೋದನೋ, ನಮ್ಮ ಜೊತೆಯೇ ಬಸ್ಸಿನಲ್ಲಿ ಕೂತು ಹೋಗ್ತಿದಾನೋ, ಯಾರಿಗೆ ಗೊತ್ತು? ಹೆಸರಿಲ್ಲದವನಿಗೆ ಜನ ಮಧ್ಯಾಹ್ನದವನು ಅಂತ ಹೆಸರಿಟ್ಟರು.

ಅವನ ಮೇಲೆ ಟೀವಿಯವರು ಒಮ್ಮೆ ಕಾರ್ಯಕ್ರಮ ಮಾಡಿದ್ದರು, ಯಾರೋ ಯೂಟ್ಯೂಬಿನವರೂ ಮಾಡಿದ್ದರು. ಆ ಬೇಸಿಗೆ ದೊಡ್ಡ ಸಿನಿಮಾ ಅಂತ ಸುದ್ದಿ ಬಂದಾಗ ನಮ್ಮ ಯಜಮಾನರ ಸಂಭ್ರಮ ನೋಡಬೇಕಿತ್ತು. ಅವರು ಆಟೋ ಓಡಿಸುತ್ತಾರೆ. ಬಾಡಿಗೆ ಇಲ್ಲದ ಹೊತ್ತಲ್ಲಿ ಇಂಥ ಸಿನಿಮಾಗಳನ್ನೇ ನೋಡೋದು. ಊಟದ ತಟ್ಟೆ ಮುಂದೆ ಫೋನು ನಿಲ್ಲಿಸಿಕೊಂಡು, ಯಾವ ಯಾವುದೋ ದೇಶದ ಕೊಲೆಗಾರರನ್ನು ಹುಡುಕೋದು. ನಾನೂ ಪಕ್ಕದಲ್ಲಿ ಕೂತು ಎಷ್ಟೋ ನೋಡಿದೀನಿ. ಎಲ್ಲದರಲ್ಲೂ ಮಳೆ ಹೊಯ್ಯುತ್ತಿರುತ್ತದೆ. ನಿದ್ದೆಗೆಟ್ಟ ಒಬ್ಬ ಪೊಲೀಸ್ ಆಫೀಸರ್ ಇರುತ್ತಾನೆ, ಅವನ ಹೆಂಡತಿ ಫೋನ್ ಮಾಡಿದ್ರೆ ಎತ್ತೋದಿಲ್ಲ. ಗೋಡೆ ತುಂಬ ಸತ್ತ ಹೆಂಗಸರ ಫೋಟೋ. ಒಂದು ಸುಳಿವು ಸಿಗುತ್ತದೆ, ಅದರ ಬೆನ್ನು ಹತ್ತಿ ಓಡುತ್ತಾರೆ, ಕೊನೆಗೆ ಅವನು ಸಿಗೋದಿಲ್ಲ. "ಸಿಗದೇ ಇರೋದೇ ಕಣೇ ಮಜಾ" ಅಂತಾರೆ ನಮ್ಮವರು. ಮಜಾ ಅಂತೆ. ಫೋಟೋದಲ್ಲಿರೋ ಹೆಂಗಸರ ಮನೆಯವರು ಏನು ಮಾಡ್ತಿದಾರೆ ಅಂತ ಒಂದು ಸಿನಿಮಾದಲ್ಲೂ ತೋರಿಸಿದ್ದು ನಾನು ಕಾಣೆ.

ಸಿನಿಮಾದವರು ಬಂದರು, ಇದ್ದ ಎರಡು ಲಾಡ್ಜೂ ತುಂಬಿತು. ಬಟ್ಟೆ ನೋಡಿಕೊಳ್ಳುವವಳು ಪಲ್ಲವಿ ಅಂತ, ಮೈಸೂರಿನವಳು. ಒಳ್ಳೇ ಹುಡುಗಿ, ಪಾಪ, ಅವಳಿಗೂ ಊಟ ನಿದ್ದೆ ಸರಿಯಾಗಿ ಇರಲಿಲ್ಲ. ಅಂಗಡಿಗೆ ಬಂದು ಒಂದು ಹಸಿರು ಬಟ್ಟೆಯ ತಾನು, ಅಳತೆಗೆ ಒಂದು ರವಿಕೆ ಕೊಟ್ಟು "ಅಕ್ಕ, ಇದೇ ಅಳತೆಗೆ ಆರು ಬ್ಲೌಸು" ಅಂದಳು.

"ಆರು ಜನಕ್ಕಾ?"

"ಇಲ್ಲಕ್ಕ, ಒಬ್ಳಿಗೇ. ಒಂದೊಂದು ಟೇಕ್‌ಗೂ ನೆನೆಯತ್ತೆ, ರಕ್ತ ಆಗತ್ತೆ. ಹೊಸದು ಬೇಕಾಗತ್ತೆ."

ನಾನು ಹೊಲಿದೆ. ಟೀ ನೀರಲ್ಲಿ ಅದ್ದಿ ಅಂಗಡಿ ಮುಂದಿನ ತಂತಿಗೆ ಒಣ ಹಾಕಿದೆ. ಪಲ್ಲವಿ ದಿನಾ ಫೋನ್ ಮಾಡಿ "ಅಕ್ಕ, ವಿ-ತ್ರೀ ಆಯ್ತಾ?" ಅಂತ ಕೇಳೋಳು. ವಿ-ತ್ರೀ ಅಂದರೆ ಮೂರನೇ ವಿಕ್ಟಿಮ್ಮು. ಪ್ಯಾಕೆಟ್ಟಿನ ಮೇಲೂ ಹಾಗೇ ಬರೆದಿತ್ತು. ಅದು ಯಾರು ಅಂತ ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಆದರೆ ಮದುವೆ ಸೀಸನ್ನು, ತಲೆ ಮೇಲೆ ಕೆಲಸ, ಹೊಳೆಯಲಿಲ್ಲ.

ಗಿರಿಜತ್ತೆ ಬಂದಾಗಲೇ ಹೊಳೆದದ್ದು. ನನಗೆ ಅವರು ಸಂಬಂಧದಲ್ಲಿ ಅತ್ತೆ ಅಲ್ಲ, ಅಮ್ಮನ ಗೆಳತಿ, ಚಿಕ್ಕಂದಿನಿಂದ ಅತ್ತೆ ಅಂತಲೇ ಕರೆದು ಅಭ್ಯಾಸ. ಪೇಟೆಯಿಂದ ಸ್ವಲ್ಪ ದೂರ, ರಸ್ತೆ ಬದಿಯಲ್ಲೇ ಮನೆ. ಸಂತೆಗೆ ಬಂದರೆ ನನ್ನ ಅಂಗಡಿಯಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿ ಹೋಗುವವರು. ಅವತ್ತು ಬಂದವರು ಕೂರಲಿಲ್ಲ. ತಂತಿ ಮೇಲಿನ ರವಿಕೆಗಳನ್ನು ನೋಡುತ್ತ ನಿಂತರು. ಆಮೇಲೆ ಒಂದರ ತೋಳು ಹಿಡಿದು "ಅವಳದ್ದು ತೋಳು ಇಷ್ಟುದ್ದ ಇರ್ಲಿಲ್ಲ ಶಶಿ" ಅಂದರು.

ಮೂರನೆಯವಳು ಗಿರಿಜತ್ತೆ ಮಗಳು ಸುಮಿತ್ರಾ. ಅವಳನ್ನು ತೀರ್ಥಹಳ್ಳಿಯಾಚೆ ಕೊಟ್ಟಿದ್ದರು, ನಾಲ್ಕು ದಿನ ಇದ್ದು ಹೋಗೋಕೆ ಅಂತ ತವರಿಗೆ ಬಂದಿದ್ದಳು. ಗಿರಿಜತ್ತೆ ಮಗಳಿಗೆ ಕಡುಬು ಮಾಡಬೇಕು ಅಂತ ಅಕ್ಕಿ ತಗೊಂಡು ಗಿರಣಿಗೆ ಹೋಗಿದ್ದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಅವಳು ತೊಟ್ಟಿದ್ದು ಹಸಿರು ರವಿಕೆ. ಜಗಲಿಯಲ್ಲಿ ಅರ್ಧ ಖಾಲಿಯಾದ ಒಂದು ಚೆಂಬು ನೀರು, ತಟ್ಟೆಯಲ್ಲಿ ಕಚ್ಚಿಟ್ಟ ಬೆಲ್ಲ.

ಆ ಚೆಂಬು ಆ ಮನೆಗೆ ಕೊಲೆಗಿಂತ ದೊಡ್ಡ ಕೇಡು ಮಾಡಿತು. ನಮ್ಮ ಕಡೆ ಮನೆ ಬಾಗಿಲಿಗೆ ಯಾರೇ ಬರಲಿ, ಮೊದಲು ಆಸರಿಗೆ ಅಂತ ನೀರು, ಬೆಲ್ಲ. ಕುಡಿದಾದ ಮೇಲೆ ಯಾವೂರು, ಎಂತ ಕೆಲಸ ಅಂತ ಮಾತು. ನೀರು ಕೊಡೋ ಮೊದಲು ನೀವ್ಯಾರು ಅಂತ ಕೇಳಿದರೆ ಹಿರಿಯರು ಬೈಯುತ್ತಿದ್ದರು. ಆಗ ಬಂದಿದ್ದ ದೊಡ್ಡ ಪೊಲೀಸ್ ಸಾಹೇಬರು ಈ ಕಡೆಯವರಲ್ಲ. ಅವರಿಗೆ ಎಂತ ಗೊತ್ತು? ಚೆಂಬು ನೋಡಿದರು, ಬೆಲ್ಲ ನೋಡಿದರು, "ಬಂದವನು ಪರಿಚಯದವನೇ, ಕೂರಿಸಿ ಉಪಚಾರ ಮಾಡಿದಾಳೆ" ಅಂದರು. ಅಷ್ಟೇ ಅಂದದ್ದು. ಊರವರು ಅದಕ್ಕೆ ಬಾಲ ಕಟ್ಟಿದರು. ತಾಯಿಯನ್ನು ಬೇಕಂತಲೇ ಗಿರಣಿಗೆ ಕಳಿಸಿದ್ದಳಂತೆ ಅಂದರು. ಮದುವೆಗೆ ಮೊದಲಿನಿಂದಲೂ ಇತ್ತಂತೆ ಅಂದರು. ನಮ್ಮವರಿಗಾದರೂ ಬುದ್ಧಿ ಬೇಡವಾ? ದಿನಾ ತಾವೇ ಕೊಡೋ ನೀರು, ಸಾಹೇಬರು ಹೇಳಿದ ಕೂಡಲೇ ಅದಕ್ಕೆ ಬೇರೆ ಅರ್ಥ ಬಂತು. ಗಂಡನ ಮನೆಯವರು ಹನ್ನೊಂದನೇ ದಿನದ ಕಾರ್ಯ ಮಾಡೋದಿಲ್ಲ ಅಂದುಬಿಟ್ಟರು. ಗಿರಿಜತ್ತೆ ತಮ್ಮ ಬಂದು ಮಾಡಿ ಮುಗಿಸಿದ. ಇವತ್ತಿಗೂ ಯಾವುದಾದರೂ ಮದುವೆ ಮನೆಗೆ ಗಿರಿಜತ್ತೆ ಹೋದರೆ, ಹೆಂಗಸರ ಗುಂಪಿನಲ್ಲಿ ಒಂದು ಗಳಿಗೆ ಮಾತು ನಿಂತು ಮತ್ತೆ ಶುರುವಾಗುತ್ತದೆ.

ಅವತ್ತು ಅಂಗಡಿಯಲ್ಲಿ ನಾನು ಮುಚ್ಚಿಡಲಿಲ್ಲ, ಸಿನಿಮಾಕ್ಕೆ ಅಂತ ಹೇಳಿದೆ. ಬೈಯುತ್ತಾರೆ, ಅಳುತ್ತಾರೆ ಅಂದುಕೊಂಡಿದ್ದೆ. ಗಿರಿಜತ್ತೆ ಸ್ಟೂಲೆಳೆದು ಕೂತರು.

"ಸಿನಿಮಾ ಅಂದ್ರೆ ಎಲ್ಲಾ ಕಡೆ ನೋಡ್ತಾರೆ ಅಲ್ದನಾ? ತೀರ್ಥಳ್ಳಿಯಲ್ಲೂ?"

"ಎಲ್ಲಾ ಕಡೆ ಅತ್ತೆ. ಫೋನಲ್ಲೂ ಬರತ್ತೆ."

"ಹಂಗಾದ್ರೆ ಅವರಿಗೆ ಹೇಳು. ಅವಳಿಗೆ ಅವ ಯಾರೂಂತ ಗೊತ್ತಿರ್ಲಿಲ್ಲ ಅಂತ ಸಿನಿಮಾದಲ್ಲಿ ಒಂದು ಮಾತು ಬರ್ಲಿ. ಮತ್ತೆಂತದೂ ಬ್ಯಾಡ ನಂಗೆ."

ಪಲ್ಲವಿಗೆ ಹೇಳಿದೆ. ಅವಳು ಮುಖ ಸಣ್ಣ ಮಾಡಿದಳು. "ಅಕ್ಕ, ಆ ಚೆಂಬೇ ಇಡೀ ಸ್ಕ್ರಿಪ್ಟಿನ ಕ್ಲೂ. ಪರಿಚಯದವನು ಅಂತ ಗೊತ್ತಾದ ಮೇಲೇ ಹೀರೋ ಹುಡುಕೋಕೆ ಹೊರಡೋದು. ಹೆಸರೆಲ್ಲ ಬದಲಾಯಿಸಿದೀವಲ್ಲ?" ಅಂದಳು. ಹೆಸರು ಬದಲಾಯಿಸಿದರೆ ನಮ್ಮೂರವರಿಗೆ ತಿಳಿಯೋದಿಲ್ವಾ? ಆದರೂ ಡೈರೆಕ್ಟರಿಗೆ ಹೇಳ್ತೀನಿ ಅಂದಳು, ಹೇಳಿದಳು ಕೂಡ. ಮಾರನೇ ದಿನ ಅವರೇ ಗಿರಿಜತ್ತೆ ಮನೆ ನೋಡಬೇಕು ಅಂದರಂತೆ. ನಮ್ಮವರ ಆಟೋದಲ್ಲೇ ಕರೆದುಕೊಂಡು ಹೋದೆ. ಡೈರೆಕ್ಟರ್, ಕ್ಯಾಮೆರಾದವರು, ನಾನು. ಉರಿ ಬಿಸಿಲು, ರಸ್ತೆ ಕೆಲಸ ನಡೆದಿತ್ತು, ಮೂರೂ ಜನರ ತಲೆ ತುಂಬ ಕೆಂಪು ಧೂಳು.

ಗಿರಿಜತ್ತೆಗೆ ನಾವು ಬರೋದು ಗೊತ್ತಿರಲಿಲ್ಲ. ನಾನು ಆಟೋದ ಬಾಡಿಗೆ ಮಾತು ಮುಗಿಸಿ ಅಂಗಳಕ್ಕೆ ಬರುವಷ್ಟರಲ್ಲಿ ಅವರಿಬ್ಬರೂ ಜಗಲಿ ಹತ್ತಿದ್ದರು. ಗಂಡನ ಹತ್ತಿರ ಎಂಥ ಬಾಡಿಗೆ ಅಂತ ಕೇಳಬೇಡಿ, ಸಿನಿಮಾದವರು ಕೊಡ್ತಾರೆ, ಸುಮ್ಮನೆ ಬಿಡಬೇಡಿ ಅಂತ ನಮ್ಮವರಿಗೆ ಹೇಳುತ್ತಿದ್ದೆ. ಒಳಗಿಂದ ಗಿರಿಜತ್ತೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಡೈರೆಕ್ಟರು ಮಾತು ಶುರು ಮಾಡೋಕೆ ಹೋದರು. "ಮೊದ್ಲು ಆಸರಿಗೆ ತಗಳಿ" ಅಂದರು ಗಿರಿಜತ್ತೆ. ಡೈರೆಕ್ಟರು ಬೆಲ್ಲ ಬಾಯಿಗೆ ಹಾಕಿಕೊಂಡು ಗಟಗಟ ಕುಡಿದರು. ಕ್ಯಾಮೆರಾದವರು ಇನ್ನೊಂದು ಚೆಂಬು ಕೇಳಿದರು, ತಂದುಕೊಟ್ಟರು. ಆಮೇಲೆ ಸೆರಗಲ್ಲಿ ಕೈ ಒರೆಸಿಕೊಂಡು ಕಂಬಕ್ಕೆ ಒರಗಿ ಕೂತು "ಈಗ ಹೇಳಿ, ಯಾರು ನೀವು?" ಅಂದರು.

ಡೈರೆಕ್ಟರ್ ತಮ್ಮ ಕೈಯಲ್ಲಿದ್ದ ಚೆಂಬನ್ನು ನೋಡಿದರು. ಅವರ ಮುಖ ನಾನು ನೋಡುತ್ತಿದ್ದೆ. ಬುದ್ಧಿವಂತರು, ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಚೆಂಬನ್ನು ನಿಧಾನ ಕೆಳಗಿಟ್ಟು ತಾವು ಯಾರು, ಏತಕ್ಕೆ ಬಂದದ್ದು ಅಂತ ಹೇಳಿದರು.

ಗಿರಿಜತ್ತೆ ಎಲ್ಲ ಕೇಳಿಸಿಕೊಂಡು "ಅವಳೂ ಅಷ್ಟೇ ಮಾಡಿದ್ದು" ಅಂದರು. "ಬಿಸಿಲಲ್ಲಿ ಬಂದಿದಾನೆ ಅಂತ ಕೊಟ್ಟಿದಾಳೆ. ಯಾರು ಅಂತ ಕೇಳೋಕೆ ಅವಳಿಗೆ ಪುರಸೊತ್ತೇ ಸಿಗ್ಲಿಲ್ಲ."

ವಾಪಸ್ಸು ಬರುವಾಗ ಆಟೋದಲ್ಲಿ ಡೈರೆಕ್ಟರ್ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಯಾರೂ ಹೇಳದ ಮಾತು, ಸಿನಿಮಾದಲ್ಲಿ ಇರಲೇಬೇಕು ಅಂದರು. ಅವರು ಸುಳ್ಳು ಹೇಳಿದರು ಅಂತ ನಾನು ಇವತ್ತಿಗೂ ಹೇಳೋದಿಲ್ಲ.

ಆ ಮಾತು ಬರೋ ದೃಶ್ಯದ ಶೂಟಿಂಗಿಗೆ ಗಿರಿಜತ್ತೆಯನ್ನೂ ಕರೆದರು. ಪಾಳು ಬಿದ್ದ ಒಂದು ಮನೆಯನ್ನು ಅವರ ಮನೆ ಹಾಗೆ ಮಾಡಿದ್ದರು. ನಾವು ಹೋಗುವಾಗ ಆ ಕಡೆ ಹೆಂಗಸರು ಬೋರ್‌ವೆಲ್ ಹತ್ತಿರ ಕೊಡ ಸಾಲಿಟ್ಟು ಕಾಯುತ್ತಿದ್ದರು, ಈ ಕಡೆ ಎರಡು ಟ್ಯಾಂಕರ್ ನೀರು ಪೈಪಿನಲ್ಲಿ ಮೇಲೆ ಹೋಗಿ ಹೆಂಚಿನ ಮೇಲೆ ಮಳೆಯಾಗಿ ಬೀಳುತ್ತಿತ್ತು. ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಪಲ್ಲವಿ ಹತ್ತಿರ "ಅವತ್ತು ಒಂದು ಹನಿ ಮಳೆ ಇರಲಿಲ್ಲ ಕಣಮ್ಮ, ಈಗಿನ ಹಾಗೆ ಬಿಸಿಲು" ಅಂತ ಜಗಳಕ್ಕೇ ಹೋದೆ. ಗಿರಿಜತ್ತೆ ನನ್ನ ತಡೆದರು.

"ಇರ್ಲಿ ಬಿಡೇ. ಮಳೆ ಬೇಕಾದ್ರೆ ಹಾಕ್ಕೊಳ್ಲಿ. ತೋಳು ಉದ್ದ ಇಡ್ಲಿ. ಆ ಮಾತೊಂದು ಬಂದ್ರೆ ಸಾಕು."

ಆ ಮಾತು ಹೇಳೋ ಕಾನ್‌ಸ್ಟೇಬಲ್ ಪಾತ್ರಕ್ಕೆ ನಮ್ಮೂರ ಹೋಟೆಲಿನ ರಾಘಣ್ಣನನ್ನೇ ಹಿಡಿದಿದ್ದರು. ಒಂದು ವಾರ ಅವನ ಹೋಟೆಲಿನಲ್ಲಿ ಇಡ್ಲಿ ಕೇಳಿದವರಿಗೂ ಡೈಲಾಗೇ ಸಿಗುತ್ತಿತ್ತು. ಹೀರೋ ಚೆಂಬೆತ್ತಿ ನೋಡಿ "ಕೊಲೆಗಾರ ಪರಿಚಯದವನೇ" ಅನ್ನುತ್ತಾನೆ. ಆಗ ರಾಘಣ್ಣ ಹಿಂದಿನಿಂದ, "ಇಲ್ಲ ಸಾರ್. ನಮ್ ಕಡೆ ಯಾರು ಬಂದ್ರೂ ನೀರು ಕೊಡ್ತಾರೆ. ಗುರುತು ಪರಿಚಯ ಬೇಕಿಲ್ಲ" ಅನ್ನಬೇಕು. ಮೊದಲ ಸಲ ನಡುಗಿದ, ಎರಡನೇ ಸಲ ಟೋಪಿ ಬಿತ್ತು, ಆಮೇಲೆ ಎಷ್ಟು ಚೆನ್ನಾಗಿ ಹೇಳಿದ ಅಂದರೆ ಲೈಟಿನ ಹುಡುಗರೂ ಚಪ್ಪಾಳೆ ಹೊಡೆದರು. ಗಿರಿಜತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿದರು. ಅವರ ಮುಖದಲ್ಲಿ ಏನೋ ಸಡಿಲಾಯ್ತು. "ಸರಿ ಹೇಳ್ದ" ಅಂದರು, ಎದ್ದು ಮನೆಗೆ ಹೋಗೋಣ ಅಂದರು. ಆ ಹೊತ್ತು ನನಗೆ ಖುಷಿಯಾಯ್ತು. ಹಸಿರು ರವಿಕೆ ಹೊಲಿದ ಪಾಪ ಕಳೀತು ಅನ್ನಿಸಿತು.

ನಿಜವಾದ ಮಳೆ ಬೀಳೋ ಮೊದಲು ಸಿನಿಮಾದವರು ಗಂಟುಮೂಟೆ ಕಟ್ಟಿದರು. ನಾನು ಮತ್ತೆ ಶಾಲೆ ಯೂನಿಫಾರಂ ಹೊಲಿಯೋಕೆ ಕೂತೆ. ಗಿರಿಜತ್ತೆ ಸಂತೆಗೆ ಬಂದಾಗಲೆಲ್ಲ "ಯಾವಾಗ ಬರತ್ತಂತೆ?" ಅಂತ ಕೇಳೋರು. ಊರಿನಲ್ಲಿ ಅವರು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಆದರೆ ತೀರ್ಥಹಳ್ಳಿ ಕಡೆಯವರು ಯಾರಾದರೂ ಸಿಕ್ಕಿದರೆ "ಒಂದು ಸಿನಿಮಾ ಬರ್ತದಂತೆ, ನೋಡಿ" ಅನ್ನುತ್ತಿದ್ದರಂತೆ.

ಬಂತು. ಸಾಗರದ ಥಿಯೇಟರಿಗೂ ಬಂತು. ನಾನೂ ಗಿರಿಜತ್ತೆಯೂ ಬಸ್ಸು ಹತ್ತಿ ಹೋದೆವು. ಅವರು ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟುಕೊಂಡು ಬಂದಿದ್ದರು. ನಮ್ಮ ಪಕ್ಕದಲ್ಲಿ ಕಾಲೇಜಿನ ಹುಡುಗ ಹುಡುಗಿಯರ ಗುಂಪು, ಪಾಪ್‌ಕಾರ್ನ್ ಹಿಡಿದು ಕೂತಿತ್ತು. ಗಿರಿಜತ್ತೆ ಪಕ್ಕದ ಹುಡುಗಿ ಅವರ ಕಾಲಿಗೆ ತಾಗೀತು ಅಂತ ತನ್ನ ಬ್ಯಾಗು ಎತ್ತಿಟ್ಟುಕೊಂಡಳು. ಒಳ್ಳೇ ಮನೆ ಮಗಳು.

ಪರದೆ ಮೇಲೆ ಮಳೆ. ನಾನು ಹೊಲಿದ ಹಸಿರು ರವಿಕೆ ತೊಟ್ಟ ಹುಡುಗಿ ಜಗಲಿಗೆ ಬಂದಳು, ಚೆಂಬು ಇಟ್ಟಳು. ಕೊಡುವಾಗ ಅವಳ ಮುಖದಲ್ಲಿ ಒಂದು ನಗು ಇಟ್ಟಿದ್ದರು, ಅದಕ್ಕೊಂದು ಮ್ಯೂಸಿಕ್ಕು. ಗಿರಿಜತ್ತೆ ನನ್ನ ಕೈ ಹಿಡಿದುಕೊಂಡರು. ಆಮೇಲೆ ಹೀರೋ ಬಂದ, ಚೆಂಬೆತ್ತಿದ. "ಕೊಲೆಗಾರ ಪರಿಚಯದವನೇ."

"ಈಗ ಹೇಳ್ತಾನೆ ನೋಡು" ಅಂದರು ಗಿರಿಜತ್ತೆ ನನ್ನ ಕಿವಿಯಲ್ಲಿ.

ರಾಘಣ್ಣ ಹೀರೋನ ಭುಜದ ಹಿಂದೆ ಕಂಡ. ಟೋಪಿ ಸರಿಯಾಗೇ ಇತ್ತು. ಬಾಯಿ ತೆರೆದ. ಅಷ್ಟರಲ್ಲಿ ಜೀಪು ಬಂತು, ಮಳೆಯಲ್ಲಿ ಜೀಪು ಹೋಗೋದೇ ತೋರಿಸಿದರು.

"ಹೇಳಿದ್ನಾ?"

"ಇಲ್ಲ ಅತ್ತೆ."

"ಆಮೇಲೆ ಬರತ್ತೇನೋ."

ಇಂಟರ್‌ವೆಲ್ ಬಂತು, ಆ ಮಾತು ಬರಲಿಲ್ಲ. ನಾನು ಹೊರಗೆ ಹೋಗಿ ಪಲ್ಲವಿಗೆ ಫೋನ್ ಮಾಡಿದೆ. ಅವಳು "ಸಿನಿಮಾ ಲಾಂಗ್ ಆಯ್ತು ಅಂತ ಪ್ರೊಡ್ಯೂಸರ್ ಕಡೆಯವರು ಕಟ್ ಮಾಡಿಸಿದ್ರಕ್ಕ. ಅಲ್ಲಿಗೇ ಕ್ಲೂ ಸುಳ್ಳು ಅಂತಾದ್ರೆ ಮುಂದೆ ಹುಡುಕೋದಕ್ಕೆ ಏನಿರತ್ತೆ ಅಂದ್ರು. ಸರ್ ತುಂಬಾ ಜಗಳ ಆಡಿದ್ರು" ಅಂದಳು. ಆಯ್ತಮ್ಮ ಅಂತ ಇಟ್ಟೆ. ಒಳಗೆ ಬಂದು ಗಿರಿಜತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮನೆಗೆ ಹೋಗೋಣ ಬನ್ನಿ ಅಂದೆ. ಟಿಕೆಟ್ ತಗೊಂಡಿದೀವಲ್ಲ, ಕೂರು ಅಂದರು.

ಲೈಟ್ ಆರಿತು. ಪರದೆ ಮೇಲೆ ಹೀರೋ ಸುಮಿತ್ರಾಳ ಹಳೇ ಪರಿಚಯದವರನ್ನು ಹುಡುಕುತ್ತಿದ್ದ, ಅವಳ ಕಾಲೇಜು, ಅವಳ ಬಸ್ಸು, ಅವಳ ಕಾಗದ. ಸುಮಿತ್ರಾ ಕಾಲೇಜು ಮೆಟ್ಟಿಲು ಹತ್ತಿದವಳೇ ಅಲ್ಲ. ಪಕ್ಕದ ಹುಡುಗಿ ತನ್ನ ಗೆಳತಿಗೆ "ನೋಡ್ತಿರು, ಅವಳ ಲವರ್ರೇ ಇರ್ತಾನೆ" ಅಂದಳು. ಮೆಲ್ಲಗೇ ಹೇಳಿದ್ದು, ನಮಗೆ ಕೇಳಿಸಿತು.

ಗಿರಿಜತ್ತೆ ಆ ಹುಡುಗಿಯ ತೋಳು ಮುಟ್ಟಿದರು. "ಅಲ್ಲ ಮಗಾ. ಅವಳಿಗೆ ಅವ ಯಾರೂಂತ್ಲೇ ಗೊತ್ತಿರ್ಲಿಲ್ಲ. ನಮ್ ಕಡೆ ಯಾರು ಬಂದ್ರೂ ನೀರು ಕೊಡ್ತಾರೆ, ಹಂಗೇ ಕೊಟ್ಟಿದ್ದು."

ಹುಡುಗಿ ತಿರುಗಿ ನಕ್ಕಳು. ಅಜ್ಜಿಗೆ ಬೇಜಾರಾಗಬಾರದು ಅಂತ ಮೆತ್ತಗೆ ಹೇಳಿದಳು. "ಅಜ್ಜಿ, ನೀವು ಆಗ್ಲೇ ನೋಡಿದೀರಾ? ಪ್ಲೀಸ್ ಕಥೆ ಹೇಳ್ಬೇಡಿ ಅಜ್ಜಿ, ಸಸ್ಪೆನ್ಸ್ ಹೋಗ್ಬಿಡತ್ತೆ."

"ಹೌದಾ ಮಗಾ" ಅಂದರು ಗಿರಿಜತ್ತೆ. "ನಂಗೆ ಗೊತ್ತಾಗ್ಲಿಲ್ಲ. ಇನ್ನು ಹೇಳಲ್ಲ."

ಸೆರಗು ಸರಿ ಮಾಡಿಕೊಂಡು ಪರದೆ ಕಡೆ ತಿರುಗಿ ಕೂತರು. ಸಿನಿಮಾ ಇನ್ನೂ ಅರ್ಧ ಇತ್ತು.